ರಾಜಧಾನಿಯ ರೈಲು, ಬೆಟ್ಟದೂರಿನ ಹಳಿ

ಪ್ರಶ್ನೆ: ಟೋಕಿಯೊದಲ್ಲಿ ನಿವೃತ್ತವಾದ ಲೋಕಲ್ ರೈಲುಗಳು ಜಪಾನಿನ ಸಣ್ಣ ಊರುಗಳಲ್ಲಿ ಮತ್ತೆ ಓಡುತ್ತವಂತೆ, ನಿಜವೇ?

ಉತ್ತರ: ನಿಜ. ನಾಗಾನೊ ಎಲೆಕ್ಟ್ರಿಕ್ ರೈಲ್ವೆಯಲ್ಲಿ ಟೋಕಿಯೊದ ಹಿಬಿಯಾ ಮೆಟ್ರೊ ಮಾರ್ಗದ ಹಳೆಯ ಬೋಗಿಗಳನ್ನು ಕಾಣಬಹುದು. ಎರಡೂ ಕಡೆ ಹಳಿಗಳ ನಡುವಿನ ಅಂತರ 1,067 ಮಿಲಿಮೀಟರ್, ಮೇಲಿನ ತಂತಿಯಲ್ಲಿ 1,500 ವೋಲ್ಟ್ ಡಿಸಿ ವಿದ್ಯುತ್ತು. ಹಾಗಾಗಿ ಹೊಂದಿಕೆ ಸುಲಭ. ಟೋಕಿಯೊದಲ್ಲಿ ಎಂಟು ಬೋಗಿಗಳಾಗಿ ಓಡಿದ್ದು ಇಲ್ಲಿ ಮೂರೇ ಬೋಗಿಗಳ ಪುಟ್ಟ ರೈಲು. ನಾಗಾನೊ ನಗರದ ಕೇಂದ್ರಭಾಗದಲ್ಲಿ 1981ರಿಂದ ಈ ಮಾರ್ಗ ನೆಲದಡಿಯಲ್ಲೇ ಸಾಗುವುದರಿಂದ, ಸುರಂಗಕ್ಕೆಂದೇ ತಯಾರಾದ ಬೋಗಿಗಳು ಇಲ್ಲಿಗೆ ಒಗ್ಗುತ್ತವೆ.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ಟೋಕಿಯೊದ್ದೇ ಆದ ಗಿಂಜಾ ಮೆಟ್ರೊ ಮಾರ್ಗದ ರೈಲು 1,435 ಮಿಲಿಮೀಟರ್ ಅಂತರದ ಹಳಿಗಳ ಮೇಲೆ ಓಡುತ್ತಾ, ಪಕ್ಕದ ಮೂರನೇ ಹಳಿಯಿಂದ ವಿದ್ಯುತ್ತು ಪಡೆಯುತ್ತಿತ್ತು. ಅದು ಕುಮಾಮೊಟೊ ಎಲೆಕ್ಟ್ರಿಕ್ ರೈಲ್ವೆಗೆ ಬಂದಾಗ ಚಕ್ರದ ಚೌಕಟ್ಟನ್ನೇ ಬದಲಿಸಿ, ಮೇಲಿನ ತಂತಿಯಿಂದ ವಿದ್ಯುತ್ತು ಪಡೆಯುವ ಪ್ಯಾಂಟೊಗ್ರಾಫನ್ನು ಚಾವಣಿಗೆ ಕೂರಿಸಬೇಕಾಯಿತು. ಎರಡೂ ಕಡೆ 600 ವೋಲ್ಟ್ ಇದ್ದದ್ದೇ ಸಮಾಧಾನ.

ಇಷ್ಟು ಕೆಲಸವಿದ್ದರೂ ಹಳೆಯ ರೈಲೇ ಏಕೆ? ಮಹಾನಗರದ ಕಂಪನಿಗಳು ವಿದ್ಯುತ್ ಉಳಿತಾಯ, ಹೊಸ ಸೌಕರ್ಯಗಳಿಗಾಗಿ ರೈಲು ಬದಲಿಸುತ್ತವೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ ಒಡಲುಗಳು ಆಗಲೂ ಗಟ್ಟಿಯಾಗಿಯೇ ಇರುತ್ತವೆ. ಪ್ರಯಾಣಿಕರು ಕಡಿಮೆಯಿರುವ ಸಣ್ಣ ಕಂಪನಿಗಳಿಗೆ ಎರಡು-ಮೂರು ಬೋಗಿಗಳಿಗಾಗಿ ಹೊಸ ವಿನ್ಯಾಸ ಮಾಡಿಸುವುದು ದುಬಾರಿ. ಆದ್ದರಿಂದಲೇ ಈ ಕೈಬದಲು ವ್ಯವಹಾರ ಇಬ್ಬರಿಗೂ ಲಾಭ.