ಫ್ರಾನ್ಸಿನಲ್ಲಿ ಸೆನೆಗಲ್ ಮತ್ತು ಯುಗೊಸ್ಲಾವಿಯದ ವಲಸಿಗರು

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನ ಕೈಗಾರಿಕೆಗಳಿಗೆ ಹೊರಗಿನ ದುಡಿಮೆಗಾರರು ಬೇಕಾದಾಗ, 1960ರಲ್ಲಿ ಸ್ವತಂತ್ರವಾದ ಹಳೆಯ ವಸಾಹತು ಸೆನೆಗಲ್‌ನಿಂದಲೂ, 1965ರ ಕಾರ್ಮಿಕ ಒಪ್ಪಂದದ ಮೂಲಕ ಸಮಾಜವಾದಿ ಯುಗೊಸ್ಲಾವಿಯದಿಂದಲೂ ಜನ ಬಂದರು. ಎರಡೂ ಸಮುದಾಯಗಳ ಬಹಳಷ್ಟು ಮಂದಿ ಮೋಟಾರು ಕಾರ್ಖಾನೆ ಮತ್ತು ಕಟ್ಟಡ ನಿರ್ಮಾಣದ ಶ್ರಮದ ಕೆಲಸಗಳನ್ನೇ ಹಿಡಿದರು.

ಫ್ರೆಂಚ್ ಆಡಳಿತಭಾಷೆಯಾಗಿದ್ದ ನಾಡಿನಿಂದ ಬಂದವರಿಗೆ ಅನುಕೂಲವಿತ್ತೆಂದು ತೋರಬಹುದಾದರೂ, ಸೆನೆಗಲ್ ನದಿ ಕಣಿವೆಯಿಂದ ಮೊದಲು ಬಂದ ಸೊನಿಂಕೆ ರೈತರಲ್ಲಿ ಅನೇಕರಿಗೆ ಶಾಲೆಯ ಓದೇ ದೊರೆತಿರಲಿಲ್ಲ. ‘ಫೊಯೆ’ ಎಂಬ ಕಾರ್ಮಿಕ ವಸತಿಗೃಹಗಳಲ್ಲಿ ಕುಟುಂಬವಿಲ್ಲದೆ ಬದುಕಿದ ಈ ಗಂಡಸರು ಊರಿನ ಸಂಘಗಳ ಮೂಲಕ ಹಣ ಕೂಡಿಸಿ, ತಮ್ಮ ಹಳ್ಳಿಗಳಲ್ಲಿ ಬಾವಿ, ಶಾಲೆ, ಮಸೀದಿ, ಚಿಕಿತ್ಸಾಲಯಗಳನ್ನು ಕಟ್ಟಿಸಿದರು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಫ್ರಾನ್ಸಿನೊಳಗಿನ ವರಮಾನವನ್ನಷ್ಟೇ ನೋಡಿ ಅವರ ಯಶಸ್ಸನ್ನು ಅಳೆಯುವುದು ಅನ್ಯಾಯ. ಯುಗೊಸ್ಲಾವಿಯದವರೂ ಊರಿನಲ್ಲಿ ಮನೆ ಕಟ್ಟಿಸಿದರು, ಆದರೆ 1990ರ ದಶಕದ ಯುದ್ಧಗಳಲ್ಲಿ ಆ ದೇಶವೇ ಒಡೆದು, ಮರಳುವ ಯೋಜನೆ ಹಲವರಿಗೆ ಅರ್ಥ ಕಳೆದುಕೊಂಡಿತು.

ಫ್ರೆಂಚ್ ಅಧಿಕೃತ ಅಂಕಿಅಂಶಗಳು ಹುಟ್ಟಿದ ದೇಶ ಮತ್ತು ಪೌರತ್ವವನ್ನು ದಾಖಲಿಸುತ್ತವೆಯೇ ಹೊರತು ಜನಾಂಗವನ್ನಲ್ಲವಾದ್ದರಿಂದ ಹೋಲಿಕೆ ಸುಲಭವಲ್ಲ. ಆದರೂ 2008–09ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಸಹಾರಾದ ದಕ್ಷಿಣದ ಆಫ್ರಿಕ ಮೂಲದವರು ಯುರೋಪಿನ ಮೂಲದವರಿಗಿಂತ ಹೆಚ್ಚು ತಾರತಮ್ಯವನ್ನು ಹೇಳಿಕೊಂಡರು. ಹಿಂದೆ ಯುಗೊಸ್ಲಾವಿಯದ ಭಾಗವಾಗಿದ್ದ ಸರ್ಬಿಯ ಮೂಲದ ಮಗುವಿನ ಹಿನ್ನೆಲೆ ಒಂದು ತಲೆಮಾರಿನಲ್ಲಿ ಕಣ್ಣಿಗೆ ಕಾಣದಂತಾಗಬಹುದು. ಫ್ರಾನ್ಸಿನಲ್ಲೇ ಹುಟ್ಟಿ, ಫ್ರೆಂಚನ್ನೇ ಆಡುವ ಸೆನೆಗಲ್ ಮೂಲದ ಯುವಕನಿಗೆ ಮಾತ್ರ ಉದ್ಯೋಗ ಮತ್ತು ಬಾಡಿಗೆ ಮನೆ ಹುಡುಕುವಾಗ ಚರ್ಮದ ಬಣ್ಣವೇ ತಡೆಯಾಗಬಹುದು.