ಸುಬ್‌ಹಿ ನಂತರದ ಓಟ: ಎದೆ ಬಿಗಿಯುವುದೇಕೆ?

ಡಿಸೆಂಬರ್ ಬಂತೆಂದರೆ ಸುಬ್‌ಹಿ ನಮಾಝ್ ಮುಗಿಸಿ ಮಸ್ಜಿದ್‌ನಿಂದ ನೇರ ಮೈದಾನದ ಕಡೆ ಹೋಗುವವರನ್ನು ಈಗ ನಮ್ಮ ಅನೇಕ ಜಮಾಅತ್‌ಗಳಲ್ಲಿ ಕಾಣಬಹುದು. ಕೆಲವರಿಗೆ ಸಕ್ಕರೆ ಕಾಯಿಲೆಯ ಹೆದರಿಕೆ, ಕೆಲವರಿಗೆ ಹೊಟ್ಟೆ ಕರಗಿಸುವ ಹಠ. ಇನ್ನು ಕೆಲವು ಹುಡುಗರದ್ದು ಬೇರೆಯೇ ಲೆಕ್ಕ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಅಂದರೆ 400 ಮೀಟರಿನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್.

ನಮ್ಮ ಹುಡುಗರು ಸರಕಾರಿ ಕೆಲಸಕ್ಕೆ ಅರ್ಜಿಯೇ ಹಾಕುವುದಿಲ್ಲ ಎಂಬ ದೂರು ಹಳೆಯದು. ಈಗ ಹಾಕುತ್ತಿದ್ದಾರೆ, ಲಿಖಿತ ಪರೀಕ್ಷೆಯನ್ನೂ ದಾಟುತ್ತಿದ್ದಾರೆ. ಆದರೆ ಓಟದ ಅಭ್ಯಾಸದ ಎರಡನೇ ವಾರಕ್ಕೆ ಒಬ್ಬೊಬ್ಬರೇ ಮನೆಯಲ್ಲಿ ಉಳಿದುಬಿಡುತ್ತಾರೆ. ವಿಚಾರಿಸಿದರೆ, “ಉಸ್ತಾದೇ, ಎದೆ ಉರಿಯುತ್ತದೆ, ಕೆಮ್ಮು ಹಿಡಿದರೆ ನಿಲ್ಲುವುದೇ ಇಲ್ಲ” ಅನ್ನುತ್ತಾರೆ. ಉಮ್ಮನದ್ದು ಇನ್ನೊಂದು ಮಾತು: “ಈ ಚಳಿಗೆ ಓಡಬೇಡ ಮೋನೆ, ದಮ್ಮು ಹಿಡಿದೀತು.” ಅಲ್ಲಿಗೆ ಒಂದು ನೌಕರಿಯ ದಾರಿ ಮುಚ್ಚಿತು. ಇಷ್ಟು ಸುಲಭವಾಗಿ ಮುಚ್ಚಬೇಕಾದ ದಾರಿ ಅದಲ್ಲ ಎಂಬುದು ನಮ್ಮ ಅಭಿಪ್ರಾಯ.

ಚಳಿಗಾಳಿ ಎದೆಯೊಳಗೆ ಹೋಗಿ ಶ್ವಾಸಕೋಶವನ್ನು ತಣ್ಣಗೆ ಮಾಡಿಬಿಡುತ್ತದೆ ಎಂದು ತುಂಬಾ ಮಂದಿ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಅಲ್ಲಾಹನು ಮೂಗನ್ನು ಸುಮ್ಮನೆ ಕೊಟ್ಟದ್ದಲ್ಲ. ಹೊರಗಿನ ಗಾಳಿ ಮೂಗು, ಗಂಟಲು ದಾಟಿ ಒಳಗೆ ಹೋಗುವಷ್ಟರಲ್ಲಿ ಮೈಯ ಬಿಸಿಗೆ, ಅಂದರೆ ಸುಮಾರು 37 ಡಿಗ್ರಿಗೆ ಬಂದಿರುತ್ತದೆ. ಅದಕ್ಕೆ ಬೇಕಾದ ತೇವವೂ ಸೇರಿರುತ್ತದೆ. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅಷ್ಟನ್ನು ಹದ ಮಾಡುವುದು ಮೂಗಿಗೆ ದೊಡ್ಡ ಕೆಲಸವಲ್ಲ. ಆದರೆ ಓಡುವಾಗ ಅದು ನಿಮಿಷಕ್ಕೆ ಅರುವತ್ತು ಲೀಟರ್ ದಾಟುತ್ತದೆ. ಮೂಗಿಗೆ ಸಾಲುವುದಿಲ್ಲ, ಬಾಯಿ ತೆರೆದುಕೊಳ್ಳುತ್ತದೆ. ಬಾಯಿಗೆ ಮೂಗಿನ ಕಸುಬು ಗೊತ್ತಿಲ್ಲ. ಆಗ ಗಾಳಿಯನ್ನು ಹದ ಮಾಡುವ ಕೆಲಸ ಒಳಗಿನ ಶ್ವಾಸನಾಳಗಳ ಮೇಲೆ ಬೀಳುತ್ತದೆ.

ತೊಂದರೆ ಕೊಡುವುದು ಚಳಿಗಿಂತ ಹೆಚ್ಚಾಗಿ ಗಾಳಿಯ ಒಣತನ. ಹತ್ತು ಡಿಗ್ರಿ ಚಳಿಯ ಗಾಳಿ ಎಷ್ಟೇ ಮಂಜು ತುಂಬಿದಂತೆ ಕಂಡರೂ ಸಾವಿರ ಲೀಟರ್ ಗಾಳಿ ಹಿಡಿದುಕೊಳ್ಳುವ ನೀರಿನ ಆವಿ ಸುಮಾರು ಒಂಬತ್ತು ಗ್ರಾಂ ಮಾತ್ರ. ಅದೇ ಗಾಳಿ ನಮ್ಮ ಮೈಯ ಬಿಸಿಗೆ ಬಂದಾಗ ಅದಕ್ಕೆ 44 ಗ್ರಾಂ ಬೇಕು. ಉಳಿದ 35 ಗ್ರಾಮನ್ನು ಕೊಡಬೇಕಾದದ್ದು ನಮ್ಮ ಉಸಿರಿನ ದಾರಿಯ ಒಳಪದರ. ಅರ್ಧ ಗಂಟೆ ಓಡಿದರೆ ಲೆಕ್ಕ ಅರುವತ್ತು ಗ್ರಾಂ ದಾಟುತ್ತದೆ. ಉಸಿರು ಬಿಡುವಾಗ ಅದರಲ್ಲಿ ಸ್ವಲ್ಪ ಮರಳಿ ಸಿಗುತ್ತದಾದರೂ ಬಾಯಿಂದ ಉಸಿರಾಡುವವನಿಗೆ ಅದೂ ಕಡಿಮೆ. ಒಳಪದರ ಒಣಗಿದಾಗ ಅಲ್ಲಿನ ಕಣಗಳು ಕೆರಳುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಎದೆ ಹಿಡಿದಂತಾಗುವುದು, ಸುಯ್ ಸುಯ್ ಶಬ್ದ, ಕೆಮ್ಮು ಎಲ್ಲವೂ ಇದರಿಂದಲೇ. ಓಡುವಾಗ ಏನೂ ಆಗದೆ, ಓಟ ನಿಲ್ಲಿಸಿ ಐದು ಹತ್ತು ನಿಮಿಷದ ಮೇಲೆ ಕೆಮ್ಮು ಶುರುವಾಗುವುದೂ ಉಂಟು. ಹೆಚ್ಚಿನವರಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ.

ಮೂಡಿಗೆರೆ, ಚಿಕ್ಕಮಗಳೂರು, ಮಡಿಕೇರಿ ಕಡೆಯ ನಮ್ಮವರು ಈ ಮಾತನ್ನು ಕೂಡಲೇ ಒಪ್ಪಿಯಾರು. ರಿಯಾದ್‌ನಲ್ಲಿ ದುಡಿಯುವವರಿಗೂ ಗೊತ್ತು. ಜನವರಿಯ ಬೆಳಗ್ಗೆ ಅಲ್ಲಿ ಚಳಿಯೂ ಇದೆ, ಮರುಭೂಮಿಯ ಒಣಗಾಳಿಯೂ ಇದೆ. ಮಂಗಳೂರು, ಉಳ್ಳಾಲದ ಕಡೆ ಅಂತಹ ಚಳಿ ಎಲ್ಲಿದೆ? ಇಲ್ಲಿ ಹೆಚ್ಚಾಗಿ ತೊಂದರೆ ಕೊಡುವುದು ಹೊಗೆ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲೇರುವುದಿಲ್ಲ. ಬಚ್ಚಲು ಮನೆಯ ಒಲೆಯ ಹೊಗೆ, ಅಂಗಳ ಗುಡಿಸಿ ತರಗೆಲೆಗೆ ಕೊಟ್ಟ ಬೆಂಕಿಯ ಹೊಗೆ, ರಸ್ತೆ ಬದಿಯಲ್ಲಿ ಯಾರೋ ಸುಟ್ಟ ಪ್ಲಾಸ್ಟಿಕ್, ಎಲ್ಲವೂ ತಲೆಯ ಮಟ್ಟದಲ್ಲೇ ತೇಲುತ್ತಿರುತ್ತವೆ. ಓಡುವವನು ಅದನ್ನು ನಡೆಯುವವನಿಗಿಂತ ಎಷ್ಟೋ ಪಟ್ಟು ಒಳಗೆಳೆದುಕೊಳ್ಳುತ್ತಾನೆ. ಮಕ್ಕಳು ಓಡುವ ದಾರಿಯಲ್ಲೇ ಕಸಕ್ಕೆ ಬೆಂಕಿ ಇಡುವವರಿಗೆ ಹೇಳಿ ಸಾಕಾಗಿದೆ.

ಹಾಗಾದರೆ ಮಾಡುವುದೇನು? ಮೊದಲನೆಯದು ಹೊತ್ತು. ದಿನದಲ್ಲಿ ಅತಿ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಸುಬ್‌ಹಿ ಮುಗಿದ ಕೂಡಲೇ ಓಡುವ ಬದಲು ಮಸ್ಜಿದ್‌ನಲ್ಲೇ ಕುಳಿತು ಓದಿ, ಇಶ್ರಾಕಿನ ಎರಡು ರಕಅತ್ ಮುಗಿಸಿ ಹೊರಟರೆ ಬಿಸಿಲು ಏರುತ್ತಾ ಬಂದಿರುತ್ತದೆ, ಗಾಳಿಯೂ ಸ್ವಲ್ಪ ಬೆಚ್ಚಗಾಗಿರುತ್ತದೆ. ಎರಡು ಲಾಭ. ಕಾಲೇಜು ಬಸ್ಸಿನ ಗಡಿಬಿಡಿ ಇದ್ದವರಿಗೆ ಇದು ಆಗಲಿಕ್ಕಿಲ್ಲ. ಅಂಥವರು ಅಸರ್ ನಂತರ ಓಡಲಿ, ಬೆಳಗ್ಗೆಯೇ ಆಗಬೇಕೆಂದು ಯಾರೂ ಹೇಳಿಲ್ಲ.

ಎರಡನೆಯದು ಆರಂಭ, ನಮ್ಮ ಹುಡುಗರು ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಬೈಕ್ ನಿಲ್ಲಿಸಿ, ಮೊಬೈಲಿನಲ್ಲಿ ಟೈಮರ್ ಒತ್ತಿ, ಮೊದಲ ಸುತ್ತನ್ನೇ ಪರೀಕ್ಷೆಯ ವೇಗದಲ್ಲಿ ಓಡುತ್ತಾರೆ. ಹತ್ತು ಹದಿನೈದು ನಿಮಿಷ ಮೊದಲು ನಡೆದು, ಆಮೇಲೆ ನಿಧಾನ ಓಡಿ, ನಡುನಡುವೆ ಸ್ವಲ್ಪ ಬಿರುಸಾಗಿ ಹೋಗಿ ಮತ್ತೆ ನಿಧಾನಕ್ಕೆ ಬಂದರೆ ಶ್ವಾಸನಾಳಗಳು ಆ ಗಾಳಿಗೆ ಹೊಂದಿಕೊಳ್ಳುತ್ತವೆ. ಹೀಗೆ ಮೈ ಬಿಸಿ ಮಾಡಿದವರಲ್ಲಿ ಅನೇಕರಿಗೆ ಆಮೇಲೆ ಒಂದೆರಡು ಗಂಟೆ ಬಿಗಿತ ಅಷ್ಟಾಗಿ ಬರುವುದಿಲ್ಲ. ನಿಧಾನದ ಓಟ ಎಂದರೆ ಎಷ್ಟು ನಿಧಾನ ಎಂದು ಕೇಳುವವರಿಗೆ ನಾವು ಕೊಡುವ ಅಳತೆ ಇದು: ‘ಸುಬ್‌ಹಾನಲ್ಲಾಹಿ ವಬಿಹಮ್ದಿಹೀ’ ಎಂಬುದನ್ನು ನಡುವೆ ಉಸಿರು ತುಂಡಾಗದೆ ಹೇಳಲು ಬಂದರೆ ವೇಗ ಸರಿ ಇದೆ. ಬರದಿದ್ದರೆ ಇಳಿಸಬೇಕು.

ಮದ್ರಸದಲ್ಲಿ ತಜ್ವೀದ್ ಕಲಿತವರಿಗೆ ಉಸಿರಿನ ಪಾಠ ಹೊಸದಲ್ಲ. ಹೊಸದಾಗಿ ಓದುವ ಮಗು ಪದದ ನಡುವೆಯೇ ಉಸಿರಿಗೆ ತಡಕಾಡುತ್ತದೆ. ವಖ್ಫ್ ಎಲ್ಲಿ ಎಂದು ತಿಳಿದ ಮೇಲೆ ಅದೇ ಮಗು ಉದ್ದದ ಆಯತನ್ನು ಆರಾಮವಾಗಿ ದಾಟುತ್ತದೆ. ಓಟದಲ್ಲೂ ಹೆದರಿದವನು ಗಬಗಬನೆ ಗಾಳಿ ಎಳೆಯುತ್ತಾನೆ, ಪೂರ್ತಿ ಹೊರಗೆ ಬಿಡುವುದಿಲ್ಲ. ಹಳೆ ಗಾಳಿ ಹೊರಗೆ ಹೋಗದೆ ಹೊಸದಕ್ಕೆ ಜಾಗ ಎಲ್ಲಿ? ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ ಎಂದು ಲೆಕ್ಕ ಹಿಡಿದರೆ ಉಸಿರು ತಾಳಕ್ಕೆ ಬರುತ್ತದೆ. ವೇಗ ಏರಿದಾಗ ಎರಡೆರಡು ಹೆಜ್ಜೆ. ಆಗುವಷ್ಟು ಹೊತ್ತು ಮೂಗಿನಿಂದಲೇ ಎಳೆಯಲಿ. ವುಝೂ ಮಾಡುವಾಗ ಮೂಗಿಗೆ ನೀರೆಳೆದು ಚೆನ್ನಾಗಿ ಸೀಟಿದವನಿಗೆ ಇದು ಇನ್ನಷ್ಟು ಸಲೀಸು.

ಬಾಯಿ ಮೂಗಿಗೆ ತೆಳುವಾದ ಬಟ್ಟೆಯೊಂದು ಇದ್ದರೆ ಬಿಟ್ಟ ಉಸಿರಿನ ಬಿಸಿ, ತೇವ ಬಟ್ಟೆಯಲ್ಲಿ ನಿಂತು ಮುಂದಿನ ಉಸಿರಿನ ಜೊತೆ ಒಳಗೆ ಬರುತ್ತದೆ. ಮಫ್ಲರ್ ಆದೀತು, ಹತ್ತಿಯ ರುಮಾಲೂ ಆದೀತು. ನಿಖಾಬ್ ಹಾಕಿ ವಾಕಿಂಗ್ ಹೋಗುವ ನಮ್ಮ ಹೆಂಗಸರಿಗೆ ಈ ಲಾಭ ತಾನಾಗಿಯೇ ಸಿಗುತ್ತದೆ. ಬಟ್ಟೆ ಒದ್ದೆಯಾಗಿ ಮುಖಕ್ಕೆ ಅಂಟಿದರೆ ಮಾತ್ರ ಬದಲಾಯಿಸಬೇಕು. ಎದೆಗೆ, ಮೂಗಿಗೆ ವಿಕ್ಸ್ ಹಚ್ಚಿ ಓಡುವವರಿದ್ದಾರೆ. ಅದರ ಮೆಂಥಾಲ್ ಗಾಳಿ ಸರಾಗವಾಗಿ ಬರುತ್ತಿದೆ ಎಂಬ ಭಾವನೆ ಕೊಡುತ್ತದೆ ಅಷ್ಟೆ, ಬಿಗಿದ ನಾಳ ಅದರಿಂದ ಸಡಿಲವಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಪ್ರತಿ ಸಲ ಎದೆ ಬಿಗಿದು ಸುಯ್ಗುಡುವವರು ವೈದ್ಯರಲ್ಲಿ ಹೋಗಿ ಊದುವ ಪರೀಕ್ಷೆ ಮಾಡಿಸಲೇಬೇಕು. ವೈದ್ಯರು ಇನ್‌ಹೇಲರ್ ಬರೆದುಕೊಟ್ಟರೆ ಓಟಕ್ಕೆ ಸುಮಾರು ಹದಿನೈದು ನಿಮಿಷ ಮೊದಲು ತೆಗೆದುಕೊಳ್ಳುವ ಕ್ರಮವಿದೆ. ಪಂಪು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮುಖ ಸಣ್ಣದಾಗುತ್ತದೆ. ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲವಂತೆ, ಮದುವೆಗೆ ಯಾರು ಬಂದಾರು! ಹೆಣ್ಣುಮಕ್ಕಳದ್ದಂತೂ ಕಪಾಟಿನೊಳಗೆ ಬಟ್ಟೆಯಡಿ ಅಡಗಿರುತ್ತದೆ. ಪಂಪು ಚಟ ಹಿಡಿಸುವ ವಸ್ತುವಲ್ಲ. ಮಾತ್ರೆ ನುಂಗಿದರೆ ಮದ್ದು ಮೈಯೆಲ್ಲ ಸುತ್ತಿ ಬರಬೇಕು, ಪಂಪಿನಲ್ಲಿ ಸಣ್ಣ ಪ್ರಮಾಣ ನೇರ ಬೇಕಾದಲ್ಲಿಗೇ ತಲುಪುತ್ತದೆ. ಅಡಗಿಸಿಟ್ಟ ಪಂಪು ಬೇಕಾದ ಹೊತ್ತಿಗೆ ಕೈಗೆ ಸಿಗದಿರುವುದೇ ದೊಡ್ಡ ಅಪಾಯ.

ನಲ್ವತ್ತು ದಾಟಿದವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಹೃದಯಕ್ಕೆ ಹೊರೆ ಹೆಚ್ಚು. ಓಡುವಾಗ ಎದೆಯ ನಡುವೆ ಒತ್ತಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನು ಚಳಿಯ ಬಿಗಿತ, ಗ್ಯಾಸ್ ಎಂದು ಜೀರಿಗೆ ನೀರು ಕುಡಿಯುತ್ತಾ ಕೂರಬಾರದು. ನೇರ ಆಸ್ಪತ್ರೆಗೆ.

ಇನ್ನು ರಮಝಾನ್. ಈ ಕೆಲವು ವರ್ಷ ಉಪವಾಸ ಚಳಿಗಾಲಕ್ಕೇ ಬರುತ್ತದೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ ರಮಝಾನ್ ಶುರುವಾಗುವ ಲೆಕ್ಕವಿದೆ. ಉಪವಾಸದಲ್ಲಿ ಬೆಳಗ್ಗೆ ಓಡಿ ಒಳಗಿನ ತೇವ ಕಳಕೊಂಡರೆ ಮಗ್ರಿಬ್ ತನಕ ನೀರಿಲ್ಲ. ಆದ್ದರಿಂದ ಅಭ್ಯಾಸವನ್ನು ತರಾವೀಹ್ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಪಂಪು ತೆಗೆದುಕೊಂಡರೆ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ನಮ್ಮ ಶಾಫಿಈ ಉಲಮಾಗಳಲ್ಲಿ ಅನೇಕರು ಮುರಿಯುತ್ತದೆ ಎಂದರೆ, ಇಲ್ಲ ಎನ್ನುವ ಇಂದಿನ ವಿದ್ವಾಂಸರೂ ಇದ್ದಾರೆ. ರಮಝಾನ್ ಬರುವ ಮೊದಲೇ ತಮ್ಮ ಖತೀಬರಲ್ಲಿ ಕೇಳಿ ತಿಳಿದುಕೊಳ್ಳಲಿ. ಆದರೆ ಉಸಿರು ಕಟ್ಟುತ್ತಿರುವ ಹೊತ್ತಿನಲ್ಲಿ ಮಸ್‌ಅಲ ಹುಡುಕುತ್ತಾ ಕೂರುವುದಲ್ಲ, ಮದ್ದು ತೆಗೆದುಕೊಳ್ಳಬೇಕು. ರೋಗಿಗೆ ಉಪವಾಸ ಬಿಟ್ಟು ಆಮೇಲೆ ಖಝಾ ವೀಟಲು ಅನುಮತಿ ಇದೆ.