ಪ್ಲೇಟ್‌ಲೆಟ್ ಎಣಿಕೆಯೊಂದೇ ಸಾಲದು

ಶಿಶುಗಳ ತೀವ್ರ ನಿಗಾ ಘಟಕದ ಹೊರಗೆ ಕಾಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ, “ಪ್ಲೇಟ್‌ಲೆಟ್ ಎಷ್ಟಿದೆ ಡಾಕ್ಟ್ರೇ?” ಡೆಂಗಿ ಜ್ವರ ಈ ಲೆಕ್ಕವನ್ನು ಮನೆಮನೆಗೂ ಕಲಿಸಿದೆ. ನವಜಾತ ಶಿಶುವಿಗೂ ಮೈಕ್ರೋಲೀಟರಿಗೆ ಒಂದೂವರೆ ಲಕ್ಷಕ್ಕಿಂತ ಕೆಳಗಿದ್ದರೆ ಕಡಿಮೆಯೇ. ಆದರೆ ಕಡಿಮೆಯಾದದ್ದು ಯಾಕೆ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ; ಅದರ ಸುಳಿವಿಗೆ ಎಳೆಯ ಪ್ಲೇಟ್‌ಲೆಟ್‌ಗಳ ಲೆಕ್ಕವೂ ಬೇಕು.

ತಪ್ಪು ಕಲ್ಪನೆ: ಎಳೆಯ ಪ್ಲೇಟ್‌ಲೆಟ್ ಹೆಚ್ಚಿದ್ದರೆ ಮಗುವಿನ ರಕ್ತ ಇನ್ನೂ ಬಲಿತಿಲ್ಲ.

ಸತ್ಯ: ಇವು ಮೂಳೆಮಜ್ಜೆಯಿಂದ ಈಗಷ್ಟೇ ಹೊರಬಂದ ಪ್ಲೇಟ್‌ಲೆಟ್‌ಗಳು; ಒಳಗೆ ಆರ್‌ಎನ್‌ಎ ಉಳಿದಿರುತ್ತದೆ. ಯಂತ್ರವು ಆರ್‌ಎನ್‌ಎಗೆ ಹತ್ತುವ ಹೊಳೆಯುವ ಬಣ್ಣ ಬೆರೆಸಿ, ಲೇಸರ್ ಬೆಳಕಿನಡಿ ಸಾಲಾಗಿ ಹಾಯಿಸಿ, ಹೆಚ್ಚು ಹೊಳೆದವನ್ನು ಬೇರೆಯಾಗಿ ಎಣಿಸುತ್ತದೆ. ಒಟ್ಟು ಎಣಿಕೆ ಕಡಿಮೆ, ಎಳೆಯವುಗಳ ಪಾಲು ಹೆಚ್ಚು ಎಂದರೆ ಮಜ್ಜೆ ದುಡಿಯುತ್ತಿದೆ, ನಾಶ ಬೇರೆಲ್ಲೋ ಆಗುತ್ತಿದೆ ಎಂಬ ಸುಳಿವು; ತಾಯಿಯ ಪ್ರತಿಕಾಯಗಳು ಮಗುವಿನ ಪ್ಲೇಟ್‌ಲೆಟ್‌ಗಳ ಮೇಲೆ ಬಿದ್ದಾಗ ಹೀಗಾಗಬಹುದು. ಎರಡೂ ಕಡಿಮೆಯಿದ್ದರೆ ಉತ್ಪಾದನೆಯೇ ಸೊರಗಿರುವ ಶಂಕೆ. ಗರ್ಭಿಣಿಗೆ ಬಿಪಿ ಏರಿ, ಹೊಟ್ಟೆಯಲ್ಲೇ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಮೊದಲ ಮೂರು ದಿನಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ.

ಶೇಕಡಾವಾರು ಪ್ರಮಾಣವನ್ನಷ್ಟೇ ನೋಡಿದರೂ ಮೋಸಹೋಗುತ್ತೇವೆ. 20,000ದಲ್ಲಿ ಶೇ. 20 ಎಂದರೆ 4,000. ಎರಡು ಲಕ್ಷದಲ್ಲಿ ಶೇ. 4 ಎಂದರೂ 8,000! ಹಾಗಾಗಿ ಪಾಲಿನ ಜೊತೆಗೆ ಒಟ್ಟು ಸಂಖ್ಯೆಯೂ ಬೇಕು, ಮಗುವಿನ ಸ್ಥಿತಿಯಂತೂ ಬೇಕೇ ಬೇಕು.

ತಪ್ಪು ಕಲ್ಪನೆ: ಎಳೆಯ ಪ್ಲೇಟ್‌ಲೆಟ್ ಎಣಿಸಲು ಮತ್ತೆ ರಕ್ತ ತೆಗೆಯಬೇಕು.

ಸತ್ಯ: ಈ ಸೌಲಭ್ಯವಿರುವ ಯಂತ್ರಕ್ಕೆ ಸಿಬಿಸಿಗೆ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆಗೆ, ತೆಗೆದ ಅದೇ ಮಾದರಿ ಸಾಕು. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 100 ಮಿ.ಲೀ.; ಪ್ರತಿ ಹನಿಯೂ ಉಳಿಯಬೇಕು. ಹಿಮ್ಮಡಿ ಚುಚ್ಚಿ, ಹಿಂಡಿ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿ, ಎಣಿಕೆ ಸುಳ್ಳೇ ಕಡಿಮೆ ಬರುವುದುಂಟು. ಆಗ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ತಪ್ಪು ಕಲ್ಪನೆ: ಪಪ್ಪಾಯಿ ಎಲೆಯ ರಸ ಎರಡು ಹನಿ ಹಾಕಿದರೆ ಏರುತ್ತದೆ.

ಸತ್ಯ: ಹಸುಗೂಸಿನ ಬಾಯಿಗೆ ಅದನ್ನು ಖಂಡಿತ ಹಾಕಬೇಡಿ.

ತಪ್ಪು ಕಲ್ಪನೆ: ಇಳಿದ ಕೂಡಲೇ ಪ್ಲೇಟ್‌ಲೆಟ್ ಏರಿಸಿದರೆ ಮಗು ಸುರಕ್ಷಿತ.

ಸತ್ಯ: 2019ರಲ್ಲಿ ಪ್ರಕಟವಾದ ಪ್ಲಾನೆಟ್-2 ಅಧ್ಯಯನದಲ್ಲಿ ಬ್ರಿಟನ್, ಐರ್ಲೆಂಡ್, ನೆದರ್ಲೆಂಡ್ಸ್‌ಗಳ 660 ಅವಧಿಪೂರ್ವ ಶಿಶುಗಳಿದ್ದವು. ಒಂದು ಗುಂಪಿಗೆ 50,000ಕ್ಕಿಂತ ಇಳಿದಾಗ, ಇನ್ನೊಂದಕ್ಕೆ 25,000ಕ್ಕಿಂತ ಇಳಿದಾಗ ಪ್ಲೇಟ್‌ಲೆಟ್ ಕೊಟ್ಟರು. ಸಾವು ಅಥವಾ ತೀವ್ರ ರಕ್ತಸ್ರಾವ ಮೊದಲ ಗುಂಪಿನಲ್ಲೇ ಹೆಚ್ಚು: ಶೇ. 26, ಎರಡನೆಯದರಲ್ಲಿ ಶೇ. 19. ರಕ್ತ ಸೋರುತ್ತಿರುವ ಮಗುವಿನ ಮಾತು ಬೇರೆ, ಅಲ್ಲಿ ತಡಮಾಡುವಂತಿಲ್ಲ. ಸೋರಿಕೆಯಿಲ್ಲದ, ಎಳೆಯ ಪ್ಲೇಟ್‌ಲೆಟ್‌ಗಳು ಏರತೊಡಗಿರುವ ಮಗುವಿನಲ್ಲಿ ಒಟ್ಟು ಎಣಿಕೆ ಒಂದೆರಡು ದಿನದಲ್ಲಿ ತಾನಾಗಿಯೇ ಮೇಲೇರಬಹುದು. “ಕಾದು ನೋಡೋಣ” ಎಂದು ವೈದ್ಯರು ಹೇಳುವುದು ಇಂಥ ಲೆಕ್ಕವನ್ನೂ ನೋಡಿಯೇ.